ಹೊಸ್ತಿಲಿನಿಂದ ಹತ್ತು ಗಂಟೆ

ಪೈಲಟ್‌ಗಳನ್ನು ಮನೆಯಿಂದ ಹತ್ತಿಸಿಕೊಂಡು ವಿಮಾನ ನಿಲ್ದಾಣಕ್ಕೆ ತಂದು ಬಿಡಬೇಕು. ಹಾರಿಸಿ ಬಂದವರನ್ನು ಮತ್ತೆ ಮನೆ ಮುಟ್ಟಿಸಬೇಕು. ಇದು ದೊಡ್ಡಣ್ಣನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ.

ಡ್ರೈವರ್‌ಗೇನು, ಕೂತು ಮಾಡುವ ಕೆಲಸ ಅನ್ನುವವರುಂಟು. ಅಂಥವರು ಹದಿನಾಲ್ಕು ಗಂಟೆ ಕೂತು ನೋಡಬೇಕು. ಮೊದಲು ಸೊಂಟ ಹೋಗುತ್ತದೆ. ಆಮೇಲೆ ಮಂಡಿ. ಆಮೇಲೆ ಕಾಲಿನ ಹೆಬ್ಬೆರಳು ತನ್ನದೋ ಪಕ್ಕದವನದೋ ತಿಳಿಯುವುದಿಲ್ಲ. ಪೈಲಟ್‌ಗಳ ಕೋಣೆಯಲ್ಲಿ ಎರಡು ಸೋಫಾ, ಒಂದು ಚಹಾ ಯಂತ್ರ, ಕನ್ನಡಿಯಂತೆ ಹೊಳೆಯುವ ಪಾಯಿಖಾನೆ ಇದ್ದವು. ಡ್ರೈವರ್‌ಗಳು ಆ ಬಾಗಿಲಿನ ಕಾಲೊರಸು ದಾಟುವಂತಿರಲಿಲ್ಲ. ಅವರ ಪಾಯಿಖಾನೆ ಸಾಮಾನಿನ ಗೋದಾಮಿನ ಹಿಂದೆ. ನಡೆದರೆ ಹತ್ತು ನಿಮಿಷ. ಹೋಗಿ ಬರುವಷ್ಟರಲ್ಲಿ ವ್ಯಾನ್ ಎಲ್ಲಿ, ವ್ಯಾನ್ ಎಲ್ಲಿ ಅಂತ ಫೋನು. ಹಾಗಾಗಿ ದೊಡ್ಡಣ್ಣ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದ.

ವ್ಯಾನು ಹನ್ನೊಂದು. ಡ್ರೈವರ್‌ಗಳು ಆರು ಜನ. ಪೈಲಟ್‌ಗಳದ್ದೂ ಅದೇ ಪಾಡು. ನೂರು ಜನ ಇರಬೇಕಾದ ಕಡೆ ಅರವತ್ತು. ಕಂಪನಿ ತಿಂಗಳಿಗೊಂದು ಹೊಸ ಊರಿಗೆ ವಿಮಾನ ಬಿಡುತ್ತಿತ್ತು, ಬಿಡುವ ಜನರನ್ನು ಮಾತ್ರ ಸೇರಿಸಿಕೊಳ್ಳುತ್ತಿರಲಿಲ್ಲ. ಇಲ್ಲದ ನಲವತ್ತು ಜನರ ಕೆಲಸವನ್ನು ಇರುವ ಅರವತ್ತು ಜನ ತಮ್ಮ ರಜೆಯ ದಿನ ಮಾಡಬೇಕು. ಅದಕ್ಕೊಂದು ಚೀಟಿ ಇತ್ತು. ‘ಹೆಚ್ಚುವರಿ ಹಾರಾಟ, ಕಡ್ಡಾಯ’ ಎಂದು ಮೇಲೆ ಅಚ್ಚಾಗಿತ್ತು. ಚೀಟಿ ತಲುಪಿತೋ, ಹಾರಲೇಬೇಕು. ತಲುಪಲಿಲ್ಲವೋ, ಬಚಾವು.

ಅಂದ ಮೇಲೆ ರಜೆಯ ದಿನ ಯಾರು ತಾನೇ ಫೋನ್ ಎತ್ತುತ್ತಾರೆ? ಯಾರೂ ಎತ್ತಲಿಲ್ಲ. ಡ್ಯೂಟಿ ಪಟ್ಟಿ ಹಾಕುವ ಅಧಿಕಾರಿ ಫೋನ್ ಮಾಡಿ ಮಾಡಿ ಬೆರಳು ಸವೆಸಿಕೊಂಡ. ಅವನನ್ನು ಎಲ್ಲರೂ ಪಟ್ಟಿ ಸಾಹೇಬ ಎಂದೇ ಕರೆಯುತ್ತಿದ್ದರು. ಕಡೆಗೆ ಅವನು ದೊಡ್ಡಣ್ಣನನ್ನು ಕರೆಸಿದ.

“ಏ ಡ್ರೈವರ್, ಎಲ್ಲರ ಮನೆ ಗೊತ್ತಲ್ಲ ನಿಂಗೆ?”

“ಗೊತ್ತು ಸಾಹೇಬ್ರೆ.”

“ಇವತ್ತಿಂದ ಚೀಟಿ ನೀನೇ ತಗೊಂಡು ಹೋಗು. ಕೈಗೆ ಕೊಡು. ಸಹಿ ತಗೋ.”

“ಗಾಡಿ ಯಾರು ಓಡಿಸ್ತಾರೆ?”

“ಅದನ್ನೂ ನೀನೇ.”

ಹೀಗೆ ದೊಡ್ಡಣ್ಣ ಒಂದೇ ಮೈಯಲ್ಲಿ ಎರಡು ಕೆಲಸದವನಾದ. ಚೀಟಿಯ ಅಕ್ಷರವನ್ನು ಬೆರಳಿಟ್ಟು ಕೂಡಿಸಿಕೊಂಡು ಓದುತ್ತಿದ್ದ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಂಕಿಯ ವಿಷಯದಲ್ಲಿ ಮಾತ್ರ ಬೆರಳು ಬೇಕಿರಲಿಲ್ಲ. ಕಣ್ಣಿಗೆ ಬಿದ್ದ ಅಂಕಿ ತಲೆಯೊಳಗೆ ಹೋಗಿ ಕಾಲು ಮಡಿಸಿ ಕೂತುಬಿಡುತ್ತಿತ್ತು, ಎದ್ದು ಹೋಗುತ್ತಿರಲಿಲ್ಲ.

ಮೊದಲ ವಾರ ಬಾಗಿಲು ಬಡಿದದ್ದೇ ಬಂತು. ಒಬ್ಬ ಪೈಲಟ್ ವ್ಯಾನಿನ ಸದ್ದು ಕೇಳಿ ಹಿಂದಿನ ಗೋಡೆ ಹಾರಿದ. ಇನ್ನೊಬ್ಬ ಮಂಚದ ಕೆಳಗೆ ಹೊಕ್ಕು ಸೀನಿದ. ದೊಡ್ಡಣ್ಣ ಕೇಳಿಸಲಿಲ್ಲ ಎಂಬಂತೆ ಬಂದುಬಿಟ್ಟ. ಒಳಗೊಳಗೇ ಅವನಿಗೂ ಖುಷಿಯೇ.

ಎಡವಟ್ಟಾದದ್ದು ಗಿಡದ ಕ್ಯಾಪ್ಟನ್ ಮನೆಯಲ್ಲಿ. ಈ ಕ್ಯಾಪ್ಟನ್‌ಗೆ ಕುಂಡದಲ್ಲಿ ಗಿಡ ಬೆಳೆಸುವ ಹುಚ್ಚು. ಬಾಲ್ಕನಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡಣ್ಣ ಗಂಟೆ ಒತ್ತಿದಾಗ ಬಾಗಿಲು ತೆರೆದದ್ದು ಹೆಂಡತಿ.

“ಅವರು ಊರಲ್ಲಿಲ್ಲ,” ಅಂದರು.

“ಯಾವಾಗ ಬರ್ತಾರಮ್ಮಾ?”

“ಸದ್ಯಕ್ಕಿಲ್ಲ. ತುಂಬಾ ದೂರ ಹೋಗಿದ್ದಾರೆ.”

ಬಚ್ಚಲುಮನೆಯಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ದೊಡ್ಡಣ್ಣ ನಗು ತಡೆದುಕೊಂಡ. ಬರಿಗೈಯಲ್ಲಿ ಹೋದರೆ ಪಟ್ಟಿ ಸಾಹೇಬ ಬೈಯುತ್ತಾನೆ, ಒಂದು ಮಾತು ಹೇಳಿಯಾದರೂ ಹೋಗೋಣ ಎಂದುಕೊಂಡು ಚೀಟಿ ಮೇಲೆತ್ತಿ ಹಿಡಿದ. “ಬಂದ್ರೆ ಹೇಳಿಬಿಡಿ ಅಮ್ಮಾ. ವಿಮಾನ ನಾಲ್ಕು ಒಂದು ಎರಡು. ಹಾಜರಿ ಹದಿನೇಳು ಮೂವತ್ತು.”

ಬಚ್ಚಲುಮನೆಯಿಂದ ಗಂಟೆ ಹೊಡೆದಂಥ ದನಿ ಬಂತು. “ನಾಲ್ಕು ಒಂದು ಎರಡು, ಹಾಜರಿ ಹದಿನೇಳು ಮೂವತ್ತು!”

ಹೆಂಡತಿ ಹಣೆ ಚಚ್ಚಿಕೊಂಡರು.

ಇದು ಪೈಲಟ್‌ಗಳ ಜಾತಕದಲ್ಲೇ ಬರೆದದ್ದು. ಮೇಲೆ ಹಾರುವಾಗ ಕೆಳಗಿನ ಟವರಿನವರು ಏನು ಹೇಳಿದರೂ ಅದನ್ನೇ ತಿರುಗಿ ಹೇಳಬೇಕು. ಇಷ್ಟು ಎತ್ತರಕ್ಕೆ ಇಳಿ ಎಂದರೆ ಇಷ್ಟು ಎತ್ತರಕ್ಕೆ ಇಳಿಯುತ್ತೇನೆ ಎನ್ನಬೇಕು. ತಿರುಗಿ ಹೇಳದಿದ್ದರೆ ಕೇಳಿಸಿಲ್ಲ ಎಂದರ್ಥ, ಪ್ರಾಣಕ್ಕೆ ಸಂಚಕಾರ. ಹಗಲೂ ರಾತ್ರಿ ಹೇಳಿ ಹೇಳಿ ಅದು ನಾಲಿಗೆಗೆ ಅಂಟಿಕೊಂಡುಬಿಡುತ್ತದೆ. ಅಂಕಿ ಕಿವಿಗೆ ಬಿದ್ದರೆ ಬಾಯಿ ತಾನಾಗಿಯೇ ತೆರೆಯುತ್ತದೆ.

ಗಿಡದ ಕ್ಯಾಪ್ಟನ್ ಟವೆಲು ಸುತ್ತಿಕೊಂಡು, ಕಿವಿಯ ತುಂಬ ಸೋಪಿನ ನೊರೆ ಇಟ್ಟುಕೊಂಡು ಹೊರಗೆ ಬಂದ.

“ದೊಡ್ಡಣ್ಣಾ, ಕೊಂದೆಯಲ್ಲೋ ನನ್ನ.”

“ನಾನೇನು ಮಾಡಿದೆ ಕ್ಯಾಪ್ಟನ್? ನೀವು ಊರಲ್ಲೇ ಇಲ್ವಲ್ಲ!”

ಮೂವರೂ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಕ್ಯಾಪ್ಟನ್ ಚೀಟಿಗೆ ಸಹಿ ಹಾಕಿದ. ಒದ್ದೆ ಕೈಯಲ್ಲಿ ಹಾಕಿದ ಸಹಿ, ಶಾಯಿ ಹರಿದಿತ್ತು.

ದೊಡ್ಡಣ್ಣ ತಪ್ಪು ಮಾಡಿದ್ದು ಆಮೇಲೆ. ನಕ್ಕದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಉಳಿದ ಡ್ರೈವರ್‌ಗಳಿಗೆ ಹೇಳಿದ. ಅವರು ಕೈ ತಟ್ಟಿ ನಕ್ಕರು. ಅಲ್ಲೇ ನಿಂತು ಕೇಳಿಸಿಕೊಂಡ ಪಟ್ಟಿ ಸಾಹೇಬ ನಗಲಿಲ್ಲ. ಮಾರನೆಯ ಬೆಳಿಗ್ಗೆ ಗೋಡೆಗೆ ಹೊಸ ನಿಯಮ ಅಂಟಿಕೊಂಡಿತ್ತು: ಪೈಲಟ್ ತನ್ನ ಬಾಯಿಂದ ಅಂಕಿ ತಿರುಗಿ ಹೇಳಿದರೆ ಚೀಟಿ ತಲುಪಿದಂತೆ, ಸಹಿ ಬೇಕಿಲ್ಲ.

ಅಲ್ಲಿಂದ ಸಾಲಾಗಿ ಬಿದ್ದರು. ದೊಡ್ಡಣ್ಣ ಮನೆ ಬಾಗಿಲಲ್ಲಿ ನಿಂತು ಅಂಕಿ ಕೂಗಬೇಕು. ಮಾಳಿಗೆಯಿಂದ, ಮಂಚದ ಕೆಳಗಿನಿಂದ, ಹಿತ್ತಿಲಿನಿಂದ ಉತ್ತರ ಬರುತ್ತಿತ್ತು. ಬಾಯಿಗೆ ಬಟ್ಟೆ ತುರುಕಿಕೊಂಡ ಒಬ್ಬ, ಬಟ್ಟೆಯ ಸಮೇತ ತಿರುಗಿ ಹೇಳಿದ. ಮೊದಮೊದಲು ತಮಾಷೆಯಾಗಿತ್ತು. ಹದಿನೈದು ದಿನಕ್ಕೆ ತಮಾಷೆ ಸತ್ತಿತು. ವ್ಯಾನ್ ಬೀದಿಗೆ ತಿರುಗಿದರೆ ಮನೆಯವರು ಕಿಟಕಿ ಹಾಕಿಕೊಳ್ಳತೊಡಗಿದರು. ಇಪ್ಪತ್ತೆರಡು ವರ್ಷ ಕುಶಲ ಕೇಳಿದ ಜನ. ತನ್ನ ನಾಲಿಗೆಯೇ ಅವರಿಗೆ ಬಲೆಯಾಯಿತಲ್ಲ ಎಂದು ದೊಡ್ಡಣ್ಣ ಊಟದ ಮುಂದೆ ಸುಮ್ಮನೆ ಕೂರುತ್ತಿದ್ದ. ಹೆಂಡತಿ ಕೇಳಿದರೆ ಹಲ್ಲು ನೋವು ಅನ್ನುತ್ತಿದ್ದ.

ಬಲೆಗೆ ಹೆಚ್ಚು ಬಿದ್ದವಳು ಪುಟ್ಟಿ.

ಪುಟ್ಟಿ ಕೋ-ಪೈಲಟ್. ಕೆಲಸಕ್ಕೆ ಸೇರಿ ಒಂದು ವರ್ಷ. ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು. ಅವಳ ಅಪ್ಪ ಅದೇ ನಿಲ್ದಾಣದಲ್ಲಿ ವಿಮಾನಕ್ಕೆ ಮೂಟೆ ಏರಿಸುತ್ತಿದ್ದ, ದೊಡ್ಡಣ್ಣನ ಜೊತೆ ಒಂದೇ ಬುತ್ತಿ ಹಂಚಿಕೊಂಡು ತಿಂದವನು. ಬೆನ್ನು ಮುರಿದು ಮೂಲೆ ಸೇರಿದ, ನಾಲ್ಕು ವರ್ಷಕ್ಕೆ ಸತ್ತ. ಸಾಮಾನು ಹೊರುವವನ ಮಗಳು ವಿಮಾನದ ಮುಂದಿನ ಬಾಗಿಲಿಂದ ಹತ್ತಿದ್ದು ಕೆಲವರಿಗೆ ಸಹಿಸಲಾಗಲಿಲ್ಲ. ಮೊದಲ ದಿನ ಒಬ್ಬ ಹಿರಿಯ ಅವಳ ಕೈಗೆ ತನ್ನ ಪೆಟ್ಟಿಗೆ ಕೊಟ್ಟು, “ನಿಮ್ಮ ಮನೇಲಿ ಅಭ್ಯಾಸ ಇದೆಯಲ್ಲ,” ಅಂದಿದ್ದ. ಪುಟ್ಟಿ ಪೆಟ್ಟಿಗೆಯನ್ನು ಅಲ್ಲೇ ನೆಲಕ್ಕಿಟ್ಟು, “ಇದೆ ಸರ್. ಭಾರ ಇರೋದು ಯಾವುದು, ಬರೀ ಸದ್ದು ಮಾಡೋದು ಯಾವುದು ಅಂತ ಎತ್ತಿದ ಕೂಡಲೇ ಗೊತ್ತಾಗತ್ತೆ,” ಅಂದಿದ್ದಳು. ಆ ಮಾತು ಮೂಟೆ ಏರಿಸುವವರ ನಡುವೆ ವರ್ಷವಿಡೀ ಓಡಾಡಿತು.

ಹೆಚ್ಚುವರಿ ಚೀಟಿ ಯಾವಾಗಲೂ ಪಟ್ಟಿಯ ಕಡೆಯಿಂದ ಶುರುವಾಗುತ್ತಿತ್ತು. ತಲೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಕಾಲನ್ನು ಎಲ್ಲರೂ ತುಳಿಯುತ್ತಿದ್ದರು. ಆ ತಿಂಗಳು ಪುಟ್ಟಿಯ ಎಂಟು ರಜೆಯಲ್ಲಿ ಏಳು ಹೋಗಿದ್ದವು. ವ್ಯಾನಿನಲ್ಲಿ ಕೂತ ಕೂಡಲೇ ಅವಳ ತಲೆ ಕಿಟಕಿಗೆ ಡಬ್ ಎಂದು ಬಡಿಯುತ್ತಿತ್ತು. ದೊಡ್ಡಣ್ಣ ಆ ಗಾಜಿಗೆ ಒಂದು ಹಳೆಯ ಟವೆಲು ಕಟ್ಟಿದ್ದ.

ಆವತ್ತು ಬೆಳಿಗ್ಗೆ ಅವಳನ್ನು ಮನೆಗೆ ಬಿಟ್ಟವನೂ ಅವನೇ. ಹಿಂದಿನ ಸಂಜೆಯಿಂದ ನಾಲ್ಕು ಸಲ ಏರಿ ನಾಲ್ಕು ಸಲ ಇಳಿದಿದ್ದಳು. ಬಿಟ್ಟು ಬಂದು ಅವನು ವ್ಯಾನಿನಲ್ಲೇ ಕಾಲು ಚಾಚುವಷ್ಟರಲ್ಲಿ ಪಟ್ಟಿ ಸಾಹೇಬ ಗಾಜು ಬಡಿದ. ಬದಲಿ ಡ್ರೈವರ್ ಬಂದಿಲ್ಲ, ನೀನೇ ಇರು ಅಂದ. ಒಂಬತ್ತೂವರೆಗೆ ಚೀಟಿ ಕೊಟ್ಟ. ಪುಟ್ಟಿಯ ಹೆಸರು. ಹಾಜರಿ ಹದಿನಾಲ್ಕು ಹತ್ತು, ಅಂದರೆ ಮಧ್ಯಾಹ್ನ ಎರಡು ಹತ್ತು.

“ಸಾಹೇಬ್ರೆ, ಈ ಮಗು ಈಗ ತಾನೇ ಮಲಗಿರತ್ತೆ.”

“ನಿಯಮದ ಹತ್ತು ಗಂಟೆ ವಿಶ್ರಾಂತಿ ಆಗತ್ತೆ. ಕಂಪ್ಯೂಟರ್ ಹೇಳ್ತಿದೆ. ನಿನಗ್ಯಾಕೆ? ಹೋಗು.”

ಪುಟ್ಟಿಯದು ಎರಡು ಕೋಣೆಯ ಮನೆ, ಮೂರನೇ ಮಹಡಿ. ದೊಡ್ಡಣ್ಣ ಮಂಡಿ ಹಿಡಿದುಕೊಂಡು ಹತ್ತಿದ. ಬಾಗಿಲು ಅರೆ ತೆರೆದಿತ್ತು. ಅವಳ ತಾಯಿ ಹೊಸ್ತಿಲಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಒಳಗೆ ನೆಲದ ಮೇಲೆ ಪುಟ್ಟಿ ಬೋರಲು ಮಲಗಿದ್ದಳು. ಹಾಸಿಗೆ ಎರಡು ಮಾರು ಆಚೆ ಇತ್ತು. ಅಲ್ಲಿಯವರೆಗೆ ಹೋಗಲು ಆಗಿರಲಿಲ್ಲ. ಯೂನಿಫಾರ್ಮು ಮೈಮೇಲೇ ಇತ್ತು. ಒಂದು ಕಾಲಲ್ಲಿ ಬೂಟು, ಇನ್ನೊಂದು ಬೂಟು ಕೈಯಲ್ಲಿ.

“ಮೆಲ್ಲಗೆ ಅಣ್ಣಾ,” ತಾಯಿ ಪಿಸುಗುಟ್ಟಿದಳು. “ಆಗಲೇ ಕೆಳಗಿನ ಮನೆಯವರು ಅಂಗಡಿಗೆ ಫೋನ್ ಮಾಡಿ ಬ್ರೆಡ್ಡು ಎರಡು, ಮೊಟ್ಟೆ ಹನ್ನೆರಡು ಅಂತ ಕೂಗ್ತಿದ್ರು. ಇವಳು ಮಲಗಿದ್ದಲ್ಲೇ ‘ಬ್ರೆಡ್ಡು ಎರಡು, ಮೊಟ್ಟೆ ಹನ್ನೆರಡು’ ಅಂದ್ಲು. ಪೂರಾ ನಿದ್ದೆ!”

ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ದೊಡ್ಡಣ್ಣನೂ ನಕ್ಕ. ಆಮೇಲೆ ಅವಳ ಕಣ್ಣು ಅವನ ಕೈಯಲ್ಲಿದ್ದ ಚೀಟಿಯ ಮೇಲೆ ಬಿತ್ತು. ನಗು ನಿಂತಿತು.

“ಅಣ್ಣಾ, ಮತ್ತೆ ತಂದ್ಯಾ?”

ದೊಡ್ಡಣ್ಣ ಚೀಟಿಯನ್ನು ಬೆನ್ನ ಹಿಂದೆ ಸರಿಸಿದ. ನೆಲದ ಮೇಲಿನ ಮೈಯನ್ನೇ ನೋಡಿದ. ನೂರ ಎಂಬತ್ತು ಜನರನ್ನು ಹೊತ್ತು ಮೋಡದ ಮೇಲೆ ಹೋಗಬೇಕಾದವಳು ಎರಡು ಮಾರು ದೂರದ ಹಾಸಿಗೆ ಮುಟ್ಟಿರಲಿಲ್ಲ. ಅವಳ ಅಪ್ಪನೂ ಕಡೆಕಡೆಗೆ ಹೀಗೇ ಮಲಗುತ್ತಿದ್ದ, ಮೂಟೆಗಳ ನಡುವೆ.

ಜೇಬಿನಲ್ಲಿ ಫೋನು ನಡುಗಿತು. ಪಟ್ಟಿ ಸಾಹೇಬ.

“ತಲುಪಿದ್ಯಾ?”

“ಬಾಗಿಲಲ್ಲಿದ್ದೀನಿ.”

“ಅವಳು?”

“ಮಲಗಿದ್ದಾಳೆ.”

“ಒಳ್ಳೇದೇ ಆಯ್ತು. ಸ್ಪೀಕರ್ ಹಾಕು. ಚೀಟಿ ಓದು. ನಿದ್ದೇಲಿ ಹೇಳಿದ್ರೂ ಹೇಳಿದ ಹಾಗೇ. ನಾನು ಕೇಳಿಸ್ಕೋತೀನಿ.”

ದೊಡ್ಡಣ್ಣ ಫೋನನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿದ. ಒಂದೊಂದೇ ಮೆಟ್ಟಿಲು ಇಳಿದು ತಿರುವಿಗೆ ಬಂದ. ಅಂಗೈ ತೆಗೆದ.

“ಓದಲ್ಲ ಸಾಹೇಬ್ರೆ.”

“ಏನು? ಓದೋಕೆ ಬರಲ್ವಾ?”

“ಬರತ್ತೆ. ಓದಲ್ಲ.”

“ಡ್ರೈವರ್, ಯಾರ ಹತ್ರ ಮಾತಾಡ್ತಿದ್ದೀಯ ಗೊತ್ತಾ?”

“ಗೊತ್ತು. ನಿಮ್ಮ ಹತ್ರಾನೇ. ಅದಕ್ಕೇ ಇಷ್ಟು ಮೆಲ್ಲಗೆ ಮಾತಾಡ್ತಿದ್ದೀನಿ. ಬಂದೆ ಇರಿ.”

ಇಪ್ಪತ್ತೆರಡು ವರ್ಷದಲ್ಲಿ ಅವನು ಯಾರಿಗೂ ಇಲ್ಲ ಅಂದವನಲ್ಲ. ಕಂಬಿ ಹಿಡಿದು ಉಳಿದ ಮೆಟ್ಟಿಲು ಇಳಿದ. ಬಾಯಾರಿತು. ವ್ಯಾನಿಗೆ ಹೋದವನೇ ಬಾಟಲಿಯ ನೀರನ್ನೆಲ್ಲ ಗಟಗಟ ಕುಡಿದ. ಆಮೇಲೆ ಏನಾಗುತ್ತದೋ ಆಗಲಿ ಅಂದುಕೊಂಡ.

ಆದದ್ದೂ ಅದೇ. ನಿಲ್ದಾಣಕ್ಕೆ ಬರುವಷ್ಟರಲ್ಲಿ ತಡೆಯಲಾಗಲಿಲ್ಲ. ಗೋದಾಮಿನ ಹಿಂದೆ ಹೋಗುವ ತಾಳ್ಮೆ ಆ ದಿನ ಇರಲಿಲ್ಲ. ಕಾಲೊರಸು ದಾಟಿ ಪೈಲಟ್‌ಗಳ ಕೋಣೆಯೊಳಗೆ ನಡೆದ, ಎಲ್ಲರೂ ನೋಡುತ್ತಿದ್ದಂತೆ ಹೊಳೆಯುವ ಪಾಯಿಖಾನೆಗೆ ಹೋದ, ಕೈ ತೊಳೆದುಕೊಂಡು ಹೊರಗೆ ಬಂದ. ಆಮೇಲೆ ಚೀಟಿಯನ್ನು ಅದೇ ಕೋಣೆಯ ಮೂಲೆಯಲ್ಲಿದ್ದ ಪಟ್ಟಿ ಸಾಹೇಬನ ಮೇಜಿನ ಮೇಲಿಟ್ಟ.

ಕೋಣೆಯಲ್ಲಿ ಏಳೆಂಟು ಪೈಲಟ್‌ಗಳಿದ್ದರು. ಗಿಡದ ಕ್ಯಾಪ್ಟನ್ ಇದ್ದ. ಪಟ್ಟಿಯ ಮೊದಲ ಹೆಸರಿನ ಹಿರಿಯ ಕ್ಯಾಪ್ಟನ್, ಪೆಟ್ಟಿಗೆ ಕೊಟ್ಟವನು, ಅವನೂ ಇದ್ದ.

“ಹತ್ತು ಗಂಟೆ ಆಗತ್ತೆ ಅಂತ ಕಂಪ್ಯೂಟರ್ ಹೇಳಿದ್ಮೇಲೆ ನೀನ್ಯಾವನು ಆಗಲ್ಲ ಅನ್ನೋಕೆ?” ಪಟ್ಟಿ ಸಾಹೇಬ ಕೂಗಿದ. “ನಾಲ್ಕು ಹತ್ತಕ್ಕೆ ಎಂಜಿನ್ ಆಫ್. ಹದಿನಾಲ್ಕು ಹತ್ತಕ್ಕೆ ಹಾಜರಿ. ಲೆಕ್ಕ ಬರಲ್ವಾ?”

“ಎಂಜಿನ್ ಮಲಗಿದ್ದು ನಾಲ್ಕು ಹತ್ತಕ್ಕೆ,” ದೊಡ್ಡಣ್ಣ ಹೇಳಿದ. “ಪುಟ್ಟಿ ಮಲಗಿದ್ದು ಅಲ್ಲ. ಅವಳು ವಿಮಾನ ಇಳಿದದ್ದು ನಾಲ್ಕು ನಲವತ್ತಕ್ಕೆ. ಆಗ ಇದ್ದ ಡ್ರೈವರ್ ನಾನೊಬ್ಬನೇ. ಇನ್ನಿಬ್ಬರು ಬರಲಿ ಅಂತ ಐದು ಇಪ್ಪತ್ತೈದರ ತನಕ ಕಾಯಿಸಿದ್ರಿ. ಮೂರು ಮನೆ ಸುತ್ತಿ ಅವಳು ಹೊಸ್ತಿಲು ದಾಟಿದ್ದು ಆರು ಐವತ್ತಕ್ಕೆ. ಹದಿನಾಲ್ಕು ಹತ್ತಕ್ಕೆ ಹಾಜರಿ ಅಂದ್ರೆ ನಾನು ಹನ್ನೆರಡು ನಲವತ್ತಕ್ಕೆ ಅವಳ ಬಾಗಿಲಲ್ಲಿರಬೇಕು. ನಡುವೆ ಎಷ್ಟಾಯ್ತು? ಆರು ಗಂಟೆ ಕೂಡ ಇಲ್ಲ. ಅದರೊಳಗೆ ಸ್ನಾನ, ಊಟ. ನಡುವೆ ನಾನು ಬೇರೆ ಬಾಗಿಲು ಬಡಿಯೋಕೆ.”

“ಎಲ್ಲಿ ಬರೆದಿದೆ ಇದೆಲ್ಲ?”

“ಬರೆದಿಲ್ಲ. ಇಲ್ಲಿದೆ.” ದೊಡ್ಡಣ್ಣ ತಲೆ ಮುಟ್ಟಿ ತೋರಿಸಿದ.

ಪಟ್ಟಿ ಸಾಹೇಬ ನಕ್ಕ. “ಮೂರನೇ ಕ್ಲಾಸಿನ ತಲೆ!”

ಗಿಡದ ಕ್ಯಾಪ್ಟನ್ ಚಹಾದ ಲೋಟ ಕೆಳಗಿಟ್ಟ. “ದೊಡ್ಡಣ್ಣಾ, ನನ್ನದು ಹೇಳು ನೋಡೋಣ. ಮೊನ್ನೆ ಮಂಗಳವಾರ.”

“ರಾತ್ರಿ ಒಂದು ಐದಕ್ಕೆ ಇಳಿಸಿದೆ. ನಿಮ್ಮ ಕೈಲಿ ಒಂದು ಕುಂಡ ಇತ್ತು. ಬೆಳಿಗ್ಗೆ ಏಳು ನಲವತ್ತಕ್ಕೆ ಮತ್ತೆ ಹತ್ತಿಸಿಕೊಂಡೆ.”

ಕ್ಯಾಪ್ಟನ್ ಫೋನ್ ತೆಗೆದು ನೋಡಿದ. ಹೆಂಡತಿಗೆ ‘ಕೆಳಗಿದ್ದೀನಿ, ಬಾಗಿಲು ತೆಗಿ’ ಎಂದು ಕಳಿಸಿದ ಸಂದೇಶವಿತ್ತು. ಒಂದು ಐದು.

“ಅಯ್ಯೋ, ಸರಿಯಾಗಿದೆ!”

“ನನ್ನದು ಹೇಳು ದೊಡ್ಡಣ್ಣಾ, ಹತ್ತನೇ ತಾರೀಕು,” ಇನ್ನೊಬ್ಬ ಮುಂದೆ ಬಂದ. “ನನ್ನದು, ಹದಿನಾರು,” ಮತ್ತೊಬ್ಬ. ಜ್ಯೋತಿಷಿಯ ಸುತ್ತ ಸೇರಿದ ಹಾಗೆ ಸೇರಿಬಿಟ್ಟರು. ಅವನು ಹೇಳುತ್ತಾ ಹೋದ. ಇವರು ಫೋನಿನಲ್ಲಿ ನೋಡುತ್ತಾ ಹೋದರು. “ಆ ದಿನ ನಿಮ್ಮ ಅತ್ತೆ ಬಾಗಿಲು ತೆಗೆದ್ರು, ಬೈದ್ರು,” ಎಂದಾಗ ಕೋಣೆಯೆಲ್ಲ ನಗು. ನಗುತ್ತಾ ನಗುತ್ತಾ ಒಬ್ಬೊಬ್ಬರೇ ಬೆರಳು ಮಡಿಸಿ ಮನೆಯಲ್ಲಿದ್ದ ಗಂಟೆ ಎಣಿಸತೊಡಗಿದರು. ಐದು ಗಂಟೆ. ಆರು ಗಂಟೆ. ಐದೂವರೆ. ಹತ್ತು ಗಂಟೆ ಎಂದು ಒಬ್ಬನಿಗೂ ಬರಲಿಲ್ಲ. ಇಷ್ಟು ದಿನ ತಮ್ಮ ಮೈಯೇ ಸೋಮಾರಿ ಅಂದುಕೊಂಡಿದ್ದವರು.

ಹಿರಿಯ ಕ್ಯಾಪ್ಟನ್ ಸೋಫಾದಲ್ಲಿ ಕೂತೇ ಕೇಳಿದ. “ನನ್ನದು?”

“ನಿಮ್ಮನ್ನ ಹೆಚ್ಚುವರಿಗೆ ಅಂತ ನಾನು ಒಂದು ಸಲವೂ ಕರ್ಕೊಂಡು ಬಂದಿಲ್ಲ ಕ್ಯಾಪ್ಟನ್. ನಿಮ್ಮ ಮನೆಗೆ ಒಂದು ಚೀಟಿಯನ್ನೂ ತಂದಿಲ್ಲ.”

ಯಾರೂ ನಗಲಿಲ್ಲ. ಹಿರಿಯ ಕ್ಯಾಪ್ಟನ್ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ.

ಗಿಡದ ಕ್ಯಾಪ್ಟನ್ ತನ್ನ ಜೇಬಿನಿಂದ ಆ ದಿನದ ಹೆಚ್ಚುವರಿ ಚೀಟಿ ತೆಗೆದು ಪುಟ್ಟಿಯ ಚೀಟಿಯ ಪಕ್ಕ ಇಟ್ಟ. “ನಾನೂ ಹಾರಲ್ಲ. ನಿದ್ದೆ ಆಗಿಲ್ಲ. ಮೊದಲೇ ಹೇಳಬೇಕಿತ್ತು. ಬಚ್ಚಲಲ್ಲಿ ಅಡಗಿ ಕೂತೆ, ನಾಚಿಕೆಗೇಡು.” ಇನ್ನೊಂದು ಚೀಟಿ ಬಿತ್ತು. ಮತ್ತೊಂದು. ಮೇಜಿನ ಮೇಲೆ ಐದು ಚೀಟಿ ಸೇರಿದವು.

ಪಟ್ಟಿ ಸಾಹೇಬನ ಮುಖ ಬೆವೆತಿತು. ಪೈಲಟ್‌ಗಳಿಗೆ ಬೈಯುವ ಧೈರ್ಯ ಬರಲಿಲ್ಲ. ಬೈಗುಳಕ್ಕೆ ಸುಲಭದ ಬೆನ್ನು ಯಾವುದೆಂದು ಅವನಿಗೆ ಗೊತ್ತಿತ್ತು. “ಡ್ರೈವರ್, ನಾಳೆಯಿಂದ ನೀನು ಬರಬೇಡ.”

“ಆಯ್ತು,” ದೊಡ್ಡಣ್ಣ ಕೀಲಿಯನ್ನು ಚೀಟಿಗಳ ಮೇಲೆ ಇಟ್ಟ. “ನಾಳೆ ಯಾಕೆ, ಈಗಲೇ ಹೊರಟೆ.”

“ದೊಡ್ಡಣ್ಣ ಹೋದ್ರೆ ನಾವು ಹಾರಿ ಬಂದು ನಡ್ಕೊಂಡು ಮನೆಗೆ ಹೋಗ್ಬೇಕಾ?” ಎಂದು ಯಾರೋ ಹಿಂದಿನಿಂದ ಕೇಳಿದರು. ಪಟ್ಟಿ ಸಾಹೇಬ ಅದನ್ನು ಯೋಚಿಸಿರಲಿಲ್ಲ.

ದೊಡ್ಡಣ್ಣ ಬಸ್ಸು ಹತ್ತಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬೇರೆಯವನು ಓಡಿಸುವ ಗಾಡಿಯಲ್ಲಿ ಕೂತು, ಬ್ರೇಕ್ ಒತ್ತುವ ಕಡೆಯೆಲ್ಲ ತಾನೂ ಕಾಲು ಒತ್ತಿದ. ಕೆಲಸ ಹೋದ ದುಃಖ ಬರುತ್ತದೆ ಎಂದು ಕಾದ. ಬರಲಿಲ್ಲ. ಆಕಳಿಕೆ ಬಂತು.

ಮನೆ ಮುಟ್ಟಿ ಹೆಂಡತಿಗೆ ಎಲ್ಲ ಹೇಳಿದ. ಅವಳು ಪೂರಾ ಕೇಳಿಸಿಕೊಂಡು, “ಹಾಗಾದ್ರೆ ಹಲ್ಲು ನೋವು ಹೋಯ್ತು ಅನ್ನಿ,” ಅಂದಳು. ತಟ್ಟೆ ಇಟ್ಟಳು. ಅವನು ಎರಡು ಸಲ ಬಡಿಸಿಕೊಂಡ. ಹಾಸಿಗೆಗೆ ಬೆನ್ನು ತಾಕಿಸುವಷ್ಟರಲ್ಲಿ ಫೋನು.

“ದೊಡ್ಡಣ್ಣಾ,” ಪಟ್ಟಿ ಸಾಹೇಬನ ದನಿ ಬೆಣ್ಣೆಯಾಗಿತ್ತು. “ಮೂರು ವಿಮಾನದವರು ಇಳಿದು ಗೇಟಲ್ಲಿ ನಿಂತಿದ್ದಾರೆ. ವ್ಯಾನ್ ಇದೆ, ಓಡಿಸೋರಿಲ್ಲ. ಸ್ವಲ್ಪ ಬರಬೇಕಿತ್ತು.”

“ಬರಬೇಡ ಅಂದ್ರಲ್ಲ?”

“ಅದು ನಾಳೆಯಿಂದ. ಇವತ್ತಿನದು ಹೆಚ್ಚುವರಿ ಡ್ಯೂಟಿ. ಕಡ್ಡಾಯ.”

ದೊಡ್ಡಣ್ಣ ಗಟ್ಟಿಯಾಗಿ ನಕ್ಕುಬಿಟ್ಟ. ನಗು ನಿಲ್ಲಿಸಲು ಹೊತ್ತು ಹಿಡಿಯಿತು.

“ನಾನು ಹೊಸ್ತಿಲು ದಾಟಿದ್ದು ಹನ್ನೆರಡು ಮೂವತ್ತೈದಕ್ಕೆ ಸಾಹೇಬ್ರೆ. ಅಲ್ಲಿಂದ ಹತ್ತು ಗಂಟೆ ಎಣಿಸ್ಕೊಳ್ಳಿ. ಎದ್ದ ಮೇಲೆ ಯೋಚನೆ ಮಾಡ್ತೀನಿ.”

“ಹತ್ತು ಗಂಟೆ ನಿಯಮ ಪೈಲಟ್‌ಗಳಿಗೆ! ಡ್ರೈವರ್‌ಗಳಿಗಲ್ಲ!”

“ಇವತ್ತಿಂದ ಡ್ರೈವರ್‌ಗಳಿಗೂ. ಅವರನ್ನ ಹೊತ್ತು ತರೋದು ನಾನು. ನಾನು ತೂಕಡಿಸಿದ್ರೆ ಅವರು ವಿಮಾನದ ತನಕ ಬರೋದೇ ಇಲ್ಲ.”

ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಮಗ್ಗುಲಾದ. ಅವಳು ಅದನ್ನು ಹಿಡಿದುಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿ ಕೂತಳು. ಅದು ಮತ್ತೆ ಮತ್ತೆ ಬಡಿದುಕೊಂಡಿತು. ಮೂರು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಕಾರು ನಿಂತು, ಪಟ್ಟಿ ಸಾಹೇಬನೇ ಚೀಟಿ ಹಿಡಿದು ಮೆಟ್ಟಿಲು ಹತ್ತಿ ಬಂದ. ಏದುಸಿರು ಬಿಡುತ್ತಾ ದೊಡ್ಡಣ್ಣ ಇದ್ದಾನಾ ಎಂದು ಕೇಳಿದ.

“ಇದ್ದಾರೆ,” ಅವಳು ಕುರ್ಚಿಯಿಂದ ಏಳದೆ ಹೇಳಿದಳು. “ಒಳಗೇ ಇದ್ದಾರೆ. ಮಲಗಿದ್ದಾರೆ. ಎಬ್ಬಿಸಲ್ಲ.”

ಒಳಗಿನಿಂದ ಗೊರಕೆ ಕೇಳುತ್ತಿತ್ತು, ಎತ್ತರಕ್ಕೆ ಏರುತ್ತಿರುವ ವಿಮಾನದ ಹಾಗೆ.